ಕೊಸರು

ತಿಂಗಳ ಮೊದಲ ಮಂಗಳವಾರ ನಾನು ಶ್ರೀಮಂತಳು.
ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಉದ್ದನೆಯ ಪಟ್ಟಿ,
ಎನ್‌ಜಮೇನಾದ ಆ ತಣ್ಣನೆಯ ಅಂಗಡಿಯೊಳಗೆ
ಒಂದನ್ನೂ ಕೊಳ್ಳದೆ ಎಲ್ಲವನ್ನೂ ಮುಟ್ಟಿ ನೋಡುವವಳು.

ಬೆಣ್ಣೆ, ಕಾಲು ಕಿಲೋ, ವಿಮಾನದಲ್ಲಿ ಬಂದದ್ದು.
ಬೆಕ್ಕಿನ ಆಹಾರ, ಸಣ್ಣ ಡಬ್ಬಿ.
ಸೂಟು ಒಂದನ್ನು ಒಗೆಸಿ ಇಸ್ತ್ರಿ ಮಾಡಿಸಲು.
ಎರಡು ಕೋಣೆಯ ಮನೆ, ಜನರೇಟರು ಕಾವಲುಗಾರ ಸೇರಿ.
ರಾಸ್ಪ್‌ಬೆರಿ ಸಿಗದಿದ್ದರೆ ಮೂರು ಅಂಗಡಿ ತಿರುಗು,
ಅಲ್ಲೂ ಇರದಿದ್ದರೆ ಇಲ್ಲ ಎಂದು ಬರೆ.
ಇಲ್ಲದ್ದಕ್ಕೂ ಒಂದು ಬೆಲೆ ಕಟ್ಟುತ್ತಾರೆ
ದೂರದ ಕಚೇರಿಯಲ್ಲಿ ಕುಳಿತವರು.
ನನ್ನ ಹೆಸರು ರೆಮಾಜಿ. ಅವರ ಕಡತದಲ್ಲಿ ನಾನು ಹದಿನೇಳು.

ವರ್ಷಕ್ಕೊಮ್ಮೆ ಫಲಿತಾಂಶ.
ದುಬಾರಿ ಊರುಗಳ ಸಾಲಿನಲ್ಲಿ ನಮ್ಮೂರು ಮುಂದಿನ ಬೆಂಚಿಗೆ;
ಬಾಳಲು ಹಿತವಾದ ಊರುಗಳ ಸಾಲಿನಲ್ಲಿ
ಹಿಂದಿನ ಗೋಡೆಗೆ ಒರಗಿ ನಿಂತಿರುತ್ತದೆ.
ತಮ್ಮ ಅಲ್ಲಾರಾಸೆಂ ಓದಿ ನಕ್ಕ:
ಪುಣ್ಯ ಮಾಡಿದ್ದೇವೆ ಅಕ್ಕಾ, ಇಷ್ಟು ಕೆಟ್ಟದ್ದಕ್ಕೆ
ಇಷ್ಟು ಬೆಲೆ ತೆರುವವರು ಲೋಕದಲ್ಲಿ ಎಷ್ಟು ಜನ!

ಆ ಪಟ್ಟಿಯೊಳಗೆ ಬದುಕುವವನೊಬ್ಬನನ್ನು ಊಹಿಸಿಕೊಳ್ಳುತ್ತೇನೆ.
ಬೆಳಿಗ್ಗೆ ಬೆಣ್ಣೆ ತಿಂದು, ಬೆಕ್ಕಿಗೆ ಉಣಿಸಿ,
ತಿಂಗಳಿಗೆ ಒಂದೇ ಸೂಟು ಕೊಳೆ ಮಾಡಿಕೊಳ್ಳುವವನು.
ನೆಂಟರಿಲ್ಲ. ಯಾರೂ ಸಾಯುವುದಿಲ್ಲ ಅವನ ಮನೆಯಲ್ಲಿ.
ಸಾಲ ಕೇಳಿ ಯಾರೂ ಬಾಗಿಲು ತಟ್ಟುವುದಿಲ್ಲ.
ಆರು ವರ್ಷದಿಂದ ಅವನ ಸಂಸಾರ ತೂಗಿಸುತ್ತಿದ್ದೇನೆ,
ನನ್ನದು ತೂಗುತ್ತಿಲ್ಲ.

ಇನ್ನೊಂದು ನಮೂನೆಯಿದೆ, ಜೀವನದ ಗುಣಮಟ್ಟದ್ದು.
ಗಾಳಿ, ರಸ್ತೆ, ನೆರಳು, ಆಸ್ಪತ್ರೆ,
ಒಂದರಿಂದ ಹತ್ತರೊಳಗೆ ಅಂಕ.
ಮಾರ್ಚಿನ ಧೂಳಿಗೆ ಎರಡು ಕೊಟ್ಟೆ.
ಬೀದಿಯ ಬೇವಿನ ಮರಗಳಿಗೆ ಎಂಟು ಕೊಟ್ಟು
ಯಾರಾದರೂ ಕೇಳಿಯಾರೆಂದು ಆರಕ್ಕೆ ಇಳಿಸಿದೆ.
ಅವ್ವ ತೀರಿಕೊಂಡ ಆಸ್ಪತ್ರೆಗೆ ಬಂದಾಗ ಪೆನ್ನು ತಡೆಯಿತು.
ಕರೆಂಟು ಹೋದ ಆ ರಾತ್ರಿ ಒಬ್ಬ ನರ್ಸು
ತನ್ನ ಫೋನಿನ ಬೆಳಕು ಎತ್ತಿ ಹಿಡಿದು
ಬೆಳಗಿನವರೆಗೆ ನಿಂತಿದ್ದಳು, ಕೈ ಬದಲಿಸುತ್ತ.
ಆಸ್ಪತ್ರೆಗೆ ಒಂದೇ ಕೊಟ್ಟೆ. ಅದಕ್ಕೆ ಅಷ್ಟೇ ಸಲ್ಲುವುದು.
ಅವಳಿಗೆ ಕೊಡಲು ಅಂಕಣ ಇರಲಿಲ್ಲ.

ಮಧ್ಯಾಹ್ನ ಚೀಟಿ ತೆಗೆಯುವುದೂ ಮರೆತು ದೆಂಬೆ ಸಂತೆಗೆ.
ಕಾಳಿನ ಸಾಲಿನಲ್ಲಿ ಕಿಲೋ ನಡೆಯುವುದಿಲ್ಲ, ಕೋರೋ ನಡೆಯುತ್ತದೆ,
ಅಂಚು ಸುಲಿದ ಎನಾಮೆಲ್ ಬಟ್ಟಲು.
ಕಲ್ತೂಮಾ ಸಜ್ಜೆಯನ್ನು ಅದರಲ್ಲೇ ಮೊಗೆಯುತ್ತಾಳೆ,
ಕಾಳು ಜಾರಿ ಬೀಳುವವರೆಗೂ ರಾಶಿ ನಿಲ್ಲಿಸಿ
ಚೀಲಕ್ಕೆ ಸುರಿದು,
ಆಮೇಲೆ ಕೈಹಾಕಿ ಮೇಲಿಷ್ಟು. ಕೊಸರು.
ಕೇಳಿದರೆ ಜಗಳ,
ಕೊಡದಿದ್ದರೆ ಅದಕ್ಕಿಂತ ದೊಡ್ಡ ಜಗಳ.

ಬೆಲೆ ಏರಿಸಿಲ್ಲ ನೋಡು, ಎನ್ನುತ್ತಾಳೆ.
ನಿಜವೇ. ಏರಿದ್ದು ಬಟ್ಟಲಿನ ತಳ.
ಯಾರೋ ಸುತ್ತಿಗೆಯಿಂದ ಅಡಿಯಿಂದ ಬಡಿದು
ಒಳಗೊಂದು ಗುಡ್ಡ ಎಬ್ಬಿಸಿದ್ದಾರೆ.
ನನ್ನ ಮುಖ ಏನು ನೋಡುತ್ತೀ,
ಲಾರಿಯವನ ಮೂಟೆಯೂ ಬಡಕಲಾಗಿದೆ, ಅವನನ್ನು ಕೇಳು.

ನಾನು ಕೆಲಸಕ್ಕೆ ಸೇರಿದ ವರ್ಷ ಕೊಸರು ಬೊಗಸೆಯಷ್ಟಿತ್ತು.
ಸೇತುವೆ ಮುಚ್ಚಿದ ವರ್ಷ ಹಿಡಿಯಾಯಿತು.
ಹೋದ ಸುಗ್ಗಿಗೆ ಮೂರು ಬೆರಳು.
ನಮ್ಮ ಕಚೇರಿಯ ಯಾವ ಗೆರೆಯೂ
ಇಷ್ಟು ಸರಿಯಾಗಿ ಇಳಿದದ್ದನ್ನು ನಾನು ಕಂಡಿಲ್ಲ.

ಈ ಮಂಗಳವಾರ ಅಳೆದಳು, ಸುರಿದಳು.
ಅಭ್ಯಾಸದ ಕೈ ಮತ್ತೆ ಮೂಟೆಯ ಕಡೆ ಹೋಗಿ
ಅಲ್ಲೇ ನಿಂತಿತು.
ನನ್ನ ಕೊರಳ ಚೀಟಿ ನೋಡಿದಳು.
ಇದನ್ನೂ ಬರೆದುಕೊಳ್ಳುತ್ತೀಯಾ?
ಇಲ್ಲ ಎಂದೆ.
ಆಣೆ ಮಾಡು.
ಮಾಡಿದೆ, ಅವ್ವನ ಮೇಲೆ.
ಹಾಗಾದರೆ ಚೀಲ ಹಿಡಿ, ಎಂದು ಹಾಕಿದಳು.

ಎಷ್ಟು ಹಾಕಿದಳೆಂದು ನಿಮಗೂ ಹೇಳಲಾರೆ.